ಉಂಡದ್ದು ಒಡಲಾಗುವ ಬಗೆ: ಹಾರನಹಳ್ಳಿಯ ಸುತ್ತಿನ ದರ್ಶನಗಳೂ ಅಮೈನೊ ಆಮ್ಲಗಳೂ

ಕಾರ್ಯವೊಂದು ಉಂಟಾಗುವುದಕ್ಕೆ ಬೇಕಾದ ಸಾಮಗ್ರಿ ಬೇರೆ, ಆ ಸಾಮಗ್ರಿಯನ್ನು ಕಾರ್ಯವಾಗಿ ತಿರುಗಿಸುವ ಪ್ರೇರಣೆ ಬೇರೆ ಎಂಬ ವಿಂಗಡಣೆ ಭಾರತೀಯ ದರ್ಶನಗಳಲ್ಲಿ ಬಹಳ ಹಳೆಯದು. ಮೊದಲನೆಯದನ್ನು ಉಪಾದಾನಕಾರಣವೆಂದೂ ಎರಡನೆಯದನ್ನು ನಿಮಿತ್ತಕಾರಣವೆಂದೂ ಶಾಸ್ತ್ರಕಾರರು ಕರೆದರು. ಮಡಕೆಗೆ ಮಣ್ಣು ಉಪಾದಾನ, ಕುಂಬಾರ ನಿಮಿತ್ತ. ಜಗತ್ತಿನ ಮಟ್ಟಿಗೆ ಈ ಎರಡೂ ಒಂದೇ ಆಗಿರಬಹುದೆ, ಬೇರೆಬೇರೆಯಾಗಿಯೇ ಇರಬೇಕೆ ಎಂಬುದರ ಸುತ್ತ ಸಾವಿರ ವರ್ಷಕ್ಕೂ ಮಿಕ್ಕಿ ವಾದ ನಡೆದಿದೆ. ಆ ವಾದಗಳ ಕಣ್ಣು ಬಹುಮಟ್ಟಿಗೆ ಸೃಷ್ಟಿಯ ಮೇಲೆ, ಈಶ್ವರನ ಮೇಲೆ ನೆಟ್ಟದ್ದು. ಆದರೆ ಅದೇ ಪ್ರಶ್ನೆಯನ್ನು ದಿನವೂ ಪ್ರತಿ ಊಟದ ಬಳಿಕ ಮನುಷ್ಯನ ಒಳಗೇ ನಡೆಯುವ ಒಂದು ಕಾರ್ಯದ ಬಗೆಗೂ ಕೇಳಬಹುದು: ಉಂಡ ಅನ್ನ ಒಡಲಾಗುವುದು ಹೇಗೆ, ಮತ್ತು ಆ ಒಡಲನ್ನು ಕಟ್ಟಲು ಅಪ್ಪಣೆ ಕೊಡುವುದು ಯಾವುದು? ಈಚಿನ ದೇಹವಿಜ್ಞಾನ ಆಹಾರದ ಅಮೈನೊ ಆಮ್ಲಗಳ ಬಗ್ಗೆ ಕಂಡುಕೊಂಡಿರುವ ಸಂಗತಿಗಳು ಈ ಪ್ರಶ್ನೆಯನ್ನು ಹಳೆಯ ಶಾಸ್ತ್ರಕಾರರು ಊಹಿಸದಿದ್ದ ರೀತಿಯಲ್ಲಿ ಮೊನಚುಗೊಳಿಸಿವೆ.

ಪ್ರಶ್ನೆಯ ಮೂರು ಪ್ರಬಲ ಉತ್ತರಗಳು ಕಲ್ಲಿನ ರೂಪದಲ್ಲಿ ಒಂದಕ್ಕೊಂದು ಸಮೀಪದಲ್ಲಿ ನಿಂತಿರುವ ನೆಲವೆಂದರೆ ಹಾಸನ ಜಿಲ್ಲೆಯ ಉತ್ತರದ ಭಾಗ. ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ 1235ರ ಹೊತ್ತಿಗೆ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಸೋದರರು ಶಿವನಿಗೆಂದು ಸೋಮೇಶ್ವರನ ಗುಡಿಯನ್ನೂ ವಿಷ್ಣುವಿಗೆಂದು ಮೂರು ಗರ್ಭಗುಡಿಗಳ ಲಕ್ಷ್ಮೀನರಸಿಂಹನ ಗುಡಿಯನ್ನೂ ಕಟ್ಟಿಸಿದರು. ಒಂದೇ ಮನೆಯವರು ಎರಡು ದೈವಗಳಿಗೆ ಗುಡಿ ಎತ್ತಿಸಿದ್ದು ಆ ಕಾಲದ ಹೊಯ್ಸಳನಾಡಿನಲ್ಲಿ ಸೋಜಿಗದ ಮಾತಾಗಿರಲಿಲ್ಲ. ಬೇಲೂರಿನಲ್ಲಿ ವಿಷ್ಣುವರ್ಧನನ ಚೆನ್ನಕೇಶವ 1117ರಿಂದ ನಿಂತಿದ್ದಾನೆ. ಹಳೇಬೀಡಿನಲ್ಲಿ, ಹೊಯ್ಸಳೇಶ್ವರನ ಭವ್ಯತೆಯ ಮುಂದೆ ಪ್ರವಾಸಿಗರು ಮರೆತೇಬಿಡುವ ಬಸದಿಗಳ ಸಾಲಿನಲ್ಲಿ, ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥನ ಬಸದಿ ಇದೆ. ಬೇಲೂರಿನ ಕೇಶವನೊಡನೆ ಹೆಣೆದುಕೊಂಡು ಬಂದ ಪ್ರಸಿದ್ಧ ಶ್ಲೋಕವೊಂದು, ಒಂದೇ ತತ್ತ್ವವನ್ನು ಶೈವರು ಶಿವನೆಂದೂ ವೇದಾಂತಿಗಳು ಬ್ರಹ್ಮವೆಂದೂ ನೈಯಾಯಿಕರು ಕರ್ತೃವೆಂದೂ ಜೈನರು ಅರ್ಹಂತನೆಂದೂ ಮೀಮಾಂಸಕರು ಕರ್ಮವೆಂದೂ ಉಪಾಸಿಸುತ್ತಾರೆ ಎಂಬ ಭಾವದ್ದು. ಸಮನ್ವಯದ ಮಾತಾಗಿ ಅದನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ತತ್ತ್ವದ ದೃಷ್ಟಿಯಿಂದ ಅದು ಸುಲಭವಾಗಿ ಒಪ್ಪಿಕೊಳ್ಳುವಂಥ ಮಾತಲ್ಲ, ಏಕೆಂದರೆ ಕರ್ತೃ ಉಂಟೆನ್ನುವವನೂ ಕರ್ತೃ ಬೇಕಿಲ್ಲವೆನ್ನುವವನೂ ಒಂದೇ ವಸ್ತುವನ್ನು ಕುರಿತು ಮಾತಾಡುತ್ತಿದ್ದಾರೆಂದು ಹೇಳುವುದಕ್ಕೆ ಮೊದಲು ಬಹಳಷ್ಟು ವಾದವನ್ನು ಬದಿಗಿಡಬೇಕಾಗುತ್ತದೆ.

ಬದಿಗಿಡದೆ ನೋಡಿದರೆ ಮೂರು ನಿಲುವುಗಳು ಹೀಗಿವೆ. ಹೊಯ್ಸಳರ ಕಾಲದ ಕನ್ನಡನಾಡಿನ ಶೈವಮಠಗಳಲ್ಲಿ ಹೆಸರಾಗಿದ್ದವರು ಕಾಳಾಮುಖರು. ಬಳ್ಳಿಗಾವೆಯ ಅವರ ಕೋಡಿಮಠವನ್ನು ವರ್ಣಿಸುವ 1162ರ ಶಾಸನ, ಅಲ್ಲಿ ವೇದ ವ್ಯಾಕರಣಗಳ ಜೊತೆಗೆ ನ್ಯಾಯ, ವೈಶೇಷಿಕ, ಸಾಂಖ್ಯ ಮೊದಲಾದ ದರ್ಶನಗಳ ಪಾಠ ನಡೆಯುತ್ತಿದ್ದುದನ್ನೂ, ಅದೇ ಮಠದಲ್ಲಿ ಬಡವರಿಗೆ, ಅಂಗವಿಕಲರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದುದನ್ನೂ ಹೇಳುತ್ತದೆ. ಕಾಳಾಮುಖರು ಸೇರಿದ್ದ ಪಾಶುಪತ ಪರಂಪರೆಗೂ ನೈಯಾಯಿಕರಿಗೂ ಸಮಾನವಾದ ನಂಬಿಕೆ ಎಂದರೆ ಈಶ್ವರ ನಿಮಿತ್ತಕಾರಣ ಮಾತ್ರ. ಪರಮಾಣುಗಳೋ ಪ್ರಕೃತಿಯೋ ಆಗಿರುವ ಸಾಮಗ್ರಿ ಅವನಿಂದ ಬೇರೆಯಾದದ್ದು, ಜಡವಾದದ್ದು, ತಾನಾಗಿ ಏನನ್ನೂ ಕಟ್ಟಲಾರದ್ದು. ಬೇಲೂರಿನ ಕೇಶವನ ಹಿಂದಿರುವ ರಾಮಾನುಜರ ವಿಶಿಷ್ಟಾದ್ವೈತ ಇದನ್ನು ಒಪ್ಪುವುದಿಲ್ಲ. ಚೇತನ ಅಚೇತನಗಳನ್ನು ತನ್ನ ಶರೀರವಾಗಿ ಉಳ್ಳ ಬ್ರಹ್ಮವೇ ಸಂಕಲ್ಪದಿಂದ ನಿಮಿತ್ತವೂ ಶರೀರದ ಮೂಲಕ ಉಪಾದಾನವೂ ಆಗುತ್ತದೆ, ಮಣ್ಣೂ ಕುಂಬಾರನೂ ಒಂದೇ ಎಂಬುದು ಅದರ ನಿಲುವು. ಜೈನರಿಗೆ ಸೃಷ್ಟಿಕರ್ತನೇ ಬೇಡ. ಪುದ್ಗಲ, ಅಂದರೆ ಕೂಡಿ ಅಗಲುವ ಸ್ವಭಾವದ ಭೌತದ್ರವ್ಯ, ತನ್ನ ಪರಿಣಾಮಶಕ್ತಿಯಿಂದಲೇ ಬದಲಾಗುತ್ತ ಹೋಗುತ್ತದೆ. ಹೊರಗಿನ ನಿಮಿತ್ತಗಳು ಒತ್ತಾಸೆ ಕೊಡುತ್ತವೆ, ಅಷ್ಟೆ.

ಈ ಮೂವರೂ ಅನ್ನದ ವಿಷಯಕ್ಕೆ ಬಂದಾಗ ಆಯುರ್ವೇದದ ನೆಲದ ಮೇಲೆಯೇ ನಿಂತು ಮಾತಾಡಿದರು. ಉಂಡ ಆಹಾರ ಜಠರಾಗ್ನಿಯಲ್ಲಿ ಬೆಂದು ರಸವಾಗಿ, ರಸ ರಕ್ತವಾಗಿ, ರಕ್ತ ಮಾಂಸವಾಗಿ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು ಧಾತುಗಳ ವರೆಗೆ ಸಾಗುತ್ತದೆಯೆಂಬುದು ಎಲ್ಲರಿಗೂ ಗೊತ್ತಿದ್ದ ಕ್ರಮ. ಆದರೆ ಸಾಗುವ ರೀತಿ ಯಾವುದು ಎಂಬಲ್ಲಿ ಒಮ್ಮತವಿರಲಿಲ್ಲ. ಚರಕಸಂಹಿತೆಗೆ ಹನ್ನೊಂದನೆಯ ಶತಮಾನದಲ್ಲಿ ಟೀಕೆ ಬರೆದ ಚಕ್ರಪಾಣಿದತ್ತ ಮೂರು ನ್ಯಾಯಗಳನ್ನು ಎತ್ತಿಕೊಂಡು ಚರ್ಚಿಸುತ್ತಾನೆ. ಹಾಲು ಪೂರ್ತಿಯಾಗಿ ಮೊಸರಾಗುವಂತೆ ಹಿಂದಿನ ಧಾತು ಮುಂದಿನದಾಗಿ ಮಾರ್ಪಡುತ್ತದೆಂಬುದು ಕ್ಷೀರದಧಿನ್ಯಾಯ. ಕಾಲುವೆಯ ನೀರು ಹತ್ತಿರದ ಗದ್ದೆಯನ್ನು ಮೊದಲು ತೋಯಿಸಿ ಮುಂದಿನದಕ್ಕೆ ಹರಿಯುವಂತೆ ರಸ ಒಂದೊಂದೇ ಧಾತುವನ್ನು ದಾಟಿ ಹೋಗುತ್ತದೆಂಬುದು ಕೇದಾರೀಕುಲ್ಯಾನ್ಯಾಯ. ಕಣದಲ್ಲಿ ಹರಡಿದ ಕಾಳನ್ನು ಪಾರಿವಾಳಗಳು ತಮತಮಗೆ ಬೇಕಾದಷ್ಟು ಹೆಕ್ಕಿ ತಮ್ಮ ತಮ್ಮ ಹಾದಿ ಹಿಡಿಯುವಂತೆ ಪ್ರತಿಯೊಂದು ಧಾತುವೂ ತನಗೆ ಸಲ್ಲುವ ಅಂಶವನ್ನು ತಾನೇ ಆರಿಸಿಕೊಳ್ಳುತ್ತದೆಂಬುದು ಖಲೇಕಪೋತನ್ಯಾಯ. ಕೆರೆಯ ಕೋಡಿ, ತೂಬು, ಕಾಲುವೆಗಳ ಲೆಕ್ಕಾಚಾರದ ಮೇಲೆಯೇ ಬದುಕು ನಿಂತಿದ್ದ, ರಾಜಧಾನಿಗೇ ದೋರಸಮುದ್ರವೆಂದು ಕೆರೆಯ ಹೆಸರನ್ನು ಇಟ್ಟುಕೊಂಡಿದ್ದ ನಾಡಿನಲ್ಲಿ ಎರಡನೆಯ ನ್ಯಾಯ ತಟ್ಟನೆ ಮನಸ್ಸಿಗೆ ಹಿಡಿಸಿರಬೇಕು.

ಇಂದಿನ ದೇಹವಿಜ್ಞಾನ ಈ ಮೂರರಲ್ಲಿ ಯಾವುದನ್ನು ಎತ್ತಿಹಿಡಿಯುತ್ತದೆ ಎಂದು ಕೇಳುವುದು ಸಹಜವಾದರೂ ಉತ್ತರ ನೇರವಾಗಿಲ್ಲ. ಪ್ರೋಟೀನು, ಅಂದರೆ ಸಸಾರಜನಕ, ಇಪ್ಪತ್ತು ಬಗೆಯ ಅಮೈನೊ ಆಮ್ಲಗಳನ್ನು ಸರದಂತೆ ಪೋಣಿಸಿ ಮಡಚಿದ ದೊಡ್ಡ ಅಣು. ಇಪ್ಪತ್ತರಲ್ಲಿ ಒಂಬತ್ತನ್ನು ಮನುಷ್ಯದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಲೈಸೀನ್, ಲ್ಯೂಸೀನ್, ಮೆಥಿಯೊನೀನ್, ಟ್ರಿಪ್ಟೊಫ್ಯಾನ್, ಥ್ರಿಯೊನೀನ್ ಮೊದಲಾದ ಇವು ಆಹಾರದಿಂದಲೇ ಬರಬೇಕಾದ್ದರಿಂದ ಇವನ್ನು ಅಗತ್ಯ ಅಮೈನೊ ಆಮ್ಲಗಳೆನ್ನುತ್ತಾರೆ. ತಿಂದ ಪ್ರೋಟೀನು ಜಠರದಲ್ಲೂ ಕರುಳಿನಲ್ಲೂ ಬಿಡಿಬಿಡಿ ಅಮೈನೊ ಆಮ್ಲಗಳಾಗಿ, ಹೆಚ್ಚೆಂದರೆ ಎರಡು ಮೂರರ ತುಣುಕುಗಳಾಗಿ ಒಡೆದ ಮೇಲೆ ಕರುಳಿನ ಗೋಡೆಯ ಕೋಶಗಳು ಅವನ್ನು ಹೀರಿಕೊಳ್ಳುತ್ತವೆ. ಅಲ್ಲಿಂದ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ರಕ್ತನಾಳವೆಂಬ ಪ್ರತ್ಯೇಕ ಹಾದಿಯಲ್ಲಿ ಮೊದಲು ಯಕೃತ್ತನ್ನು, ಅಂದರೆ ಪಿತ್ತಜನಕಾಂಗವನ್ನು, ತಲುಪುತ್ತದೆ. ಕಾಲುವೆಯ ಮೊದಲ ಗದ್ದೆ ಕರುಳು, ಎರಡನೆಯದು ಯಕೃತ್ತು. ಮೊದಲ ಗದ್ದೆಯ ಪಾಲು ಸಣ್ಣದಲ್ಲ: ಆಹಾರದ ಗ್ಲುಟಮೇಟ್ ಎಂಬ ಅಮೈನೊ ಆಮ್ಲದ ಬಹುಪಾಲನ್ನು ಕರುಳು ತನ್ನ ಉರುವಲಾಗಿ ಅಲ್ಲೇ ಉರಿಸಿಬಿಡುತ್ತದೆ, ಥ್ರಿಯೊನೀನಿನ ದೊಡ್ಡ ಅಂಶವನ್ನು ತನ್ನ ಒಳಮೈಯ ಲೋಳೆಯ ಪ್ರೋಟೀನಿಗಾಗಿ ಇಟ್ಟುಕೊಳ್ಳುತ್ತದೆ. ಇಷ್ಟರ ಮಟ್ಟಿಗೆ ಕೇದಾರೀಕುಲ್ಯಾನ್ಯಾಯವೇ ಸರಿಯೆನ್ನಿಸುತ್ತದೆ. ಆದರೆ ಲ್ಯೂಸೀನ್, ಐಸೊಲ್ಯೂಸೀನ್, ವ್ಯಾಲೀನ್ ಎಂಬ ಮೂರನ್ನು ಒಡೆಯುವುದಕ್ಕೆ ಬೇಕಾದ ಮೊದಲ ಕಿಣ್ವ ಯಕೃತ್ತಿನಲ್ಲಿ ಅತ್ಯಲ್ಪವಾದ್ದರಿಂದ ಅವು ಯಕೃತ್ತನ್ನು ಹೆಚ್ಚುಕಡಿಮೆ ಹಾಗೆಯೇ ದಾಟಿಕೊಂಡು ಮಾಂಸಖಂಡಗಳತ್ತ ಹೋಗುತ್ತವೆ. ಪ್ರತಿಯೊಂದು ಅಂಗದ ಕೋಶಗಳ ಪೊರೆಯಲ್ಲೂ ಗೊತ್ತಾದ ಅಮೈನೊ ಆಮ್ಲಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವ ದ್ವಾರಗಳಿವೆ. ಪಾರಿವಾಳಗಳು ಹೆಕ್ಕುವುದೂ ನಿಜವೇ.

ಮಾಂಸದ ಮಾತು ಬಂದಲ್ಲಿ ಒಂಬತ್ತನೆಯ ಶತಮಾನದ ಕನ್ನಡನಾಡಿನ ವಾದವೊಂದನ್ನು ನೆನೆಯಬೇಕು. ಸಮಾನವಾದದ್ದು ಸಮಾನವಾದದ್ದನ್ನು ಬೆಳೆಸುತ್ತದೆ, ಆದ್ದರಿಂದ ಮಾಂಸ ಮಾಂಸದಿಂದಲೇ ಚೆನ್ನಾಗಿ ಬೆಳೆಯುತ್ತದೆ ಎಂಬುದು ವೈಶೇಷಿಕರ ಸಾಮಾನ್ಯತತ್ತ್ವವನ್ನು ಹಿಡಿದು ಚರಕಪರಂಪರೆ ಹೇಳಿದ ಮಾತು. ಜೈನ ವೈದ್ಯ ಉಗ್ರಾದಿತ್ಯ ತನ್ನ ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥದ ಕೊನೆಯಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಮಂಡಿಸಿದ್ದೆಂದು ಹೇಳುವ ವಾದದಲ್ಲಿ, ಮಾಂಸಾಹಾರವು ದೇಹಕ್ಕೂ ಚಿಕಿತ್ಸೆಗೂ ಬೇಕಿಲ್ಲವೆಂದು ಸಾಧಿಸಲು ಹೊರಟ. ಅವನ ಹಟದ ಹಿಂದಿದ್ದದ್ದು ಅಹಿಂಸೆ, ರಸಾಯನಶಾಸ್ತ್ರವಲ್ಲ. ಹಾಗಿದ್ದರೂ ಅವನ ತೀರ್ಮಾನ ಅರ್ಧದಷ್ಟು ನಿಲ್ಲುತ್ತದೆ. ಕರುಳಿನ ಬಾಗಿಲಲ್ಲಿ ಮಾಂಸ ಮಾಂಸವಾಗಿ, ಬೇಳೆ ಬೇಳೆಯಾಗಿ ಒಳಹೋಗುವುದಿಲ್ಲ. ಎರಡೂ ಅದೇ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಾಗಿ ಒಳಹೋಗುತ್ತವೆ, ಒಳಗೆ ಹೋದ ಮೇಲೆ ಲೈಸೀನಿಗೆ ತಾನು ಬಂದ ಕುಲದ ನೆನಪಿಲ್ಲ. ಇನ್ನರ್ಧ ನಿಲ್ಲದಿರುವುದು ಪ್ರಮಾಣದ ಕಾರಣಕ್ಕೆ: ಪ್ರಾಣಿಜನ್ಯ ಪ್ರೋಟೀನಿನಲ್ಲಿ ಒಂಬತ್ತೂ ಅಗತ್ಯ ಅಮೈನೊ ಆಮ್ಲಗಳು ಮನುಷ್ಯದೇಹಕ್ಕೆ ಬೇಕಾದ ಅನುಪಾತಕ್ಕೆ ಸಮೀಪವಾಗಿ ಇರುತ್ತವೆ, ಧಾನ್ಯವೊಂದರಲ್ಲೇ ಹಾಗೆ ಇರುವುದಿಲ್ಲ.

ಅರಸೀಕೆರೆಯ ಬಯಲುಸೀಮೆಯ ಊಟವನ್ನೇ ಲೆಕ್ಕಕ್ಕೆ ಹಿಡಿಯಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನು. ಮೆಥಿಯೊನೀನ್ ಧಾರಾಳ, ಲೈಸೀನ್ ಕಡಿಮೆ. ಹುರುಳಿಯಲ್ಲಿ ಸುಮಾರು 22 ಗ್ರಾಂ. ಅಲ್ಲಿ ಲೈಸೀನ್ ಧಾರಾಳ, ಮೆಥಿಯೊನೀನ್ ಕಡಿಮೆ. ವಯಸ್ಕನೊಬ್ಬನಿಗೆ ದಿನಕ್ಕೆ ದೇಹತೂಕದ ಕಿಲೋಗೆ 12 ಮಿಲಿಗ್ರಾಂ ಲೈಸೀನ್ ಸಾಕೆಂದು 1985ರ ಅಂತಾರಾಷ್ಟ್ರೀಯ ಶಿಫಾರಸು ಹೇಳಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯ ಯುವಕರ ಮೇಲೆ ಇಂಗಾಲದ ಸ್ಥಿರ ಐಸೊಟೋಪಿನ ಗುರುತು ಹಚ್ಚಿದ ಅಮೈನೊ ಆಮ್ಲಗಳಿಂದ ಅಳೆದು ನೋಡಿದಾಗ ಅದು 30 ಮಿಲಿಗ್ರಾಂ ಸುತ್ತ ಬಂತು; 2007ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರರ ವರದಿ ಇದೇ ಮಟ್ಟವನ್ನು ಒಪ್ಪಿಕೊಂಡಿತು. ಅರುವತ್ತು ಕಿಲೋ ತೂಗುವವನಿಗೆ ಇದು 1.8 ಗ್ರಾಂ. ಅರ್ಧ ಕಿಲೋ ರಾಗಿಹಿಟ್ಟಿನ ಮುದ್ದೆಯಿಂದ ಸಿಗುವುದು ಸುಮಾರು ಒಂದು ಗ್ರಾಂ. ಐವತ್ತು ಗ್ರಾಂ ಹುರುಳಿಯ ಸಾರು ಜೊತೆಗೂಡಿದರೆ ಇನ್ನು ಮುಕ್ಕಾಲು ಗ್ರಾಂ ಸೇರಿ, ಜೀರ್ಣವಾಗದೆ ಹೋಗುವ ಪಾಲನ್ನು ಕಳೆಯದಿದ್ದರೆ, ಅಗತ್ಯದ ಹತ್ತಿರಕ್ಕೆ ಬರುತ್ತದೆ. ಅದೇ ಗುಂಪಿನ ಇನ್ನೊಂದು ಅಧ್ಯಯನದಲ್ಲಿ ದೀರ್ಘಕಾಲ ಅರೆಹೊಟ್ಟೆಯಲ್ಲಿದ್ದ ಬಡ ಪುರುಷರ ಲೈಸೀನ್ ಅಗತ್ಯ 44 ಮಿಲಿಗ್ರಾಂಗೆ ಏರಿತ್ತು, ಕರುಳಿನ ಹುಳುಗಳಿಗೆ ಚಿಕಿತ್ಸೆಯಾದ ಮೇಲೆ ಇಳಿಯಿತು. ಕಣದ ಕಾಳನ್ನು ಹೆಕ್ಕುವ ಪಾರಿವಾಳಗಳಲ್ಲಿ ಬೇರೆಯವರ ಮನೆಯವೂ ಇದ್ದವು ಎನ್ನಬಹುದು. ಚಕ್ರಪಾಣಿದತ್ತನ ಚರ್ಚೆಯಲ್ಲಿ ಅವಕ್ಕೆ ಜಾಗವಿರಲಿಲ್ಲ.

ಇಲ್ಲಿಯವರೆಗಿನದು ಸಾಮಗ್ರಿಯ ಕಥೆ. ಸಾಮಗ್ರಿ ಎಲ್ಲಿಗೆ ಹೋಗಿ ಏನಾಗುತ್ತದೆಂಬುದನ್ನು ಮೊದಲು ಕಣ್ಣಿಗೆ ಕಾಣುವಂತೆ ಮಾಡಿದವನು ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ದುಡಿದ ರುಡಾಲ್ಫ್ ಶೋನ್‌ಹೈಮರ್. 1930ರ ದಶಕದ ಕೊನೆಯಲ್ಲಿ ಅವನು ಭಾರವಾದ ಸಾರಜನಕದಿಂದ ಗುರುತು ಮಾಡಿದ ಲ್ಯೂಸೀನನ್ನು ಇಲಿಗಳಿಗೆ ತಿನ್ನಿಸಿದ. ಬೆಳೆದು ನಿಂತ ದೇಹ ಕಟ್ಟಿ ಮುಗಿದ ಮನೆ, ಆಹಾರ ಅದರ ಒಲೆಗೆ ಹಾಕುವ ಸೌದೆ ಎಂಬ ಆಗಿನ ನಂಬಿಕೆಯಂತೆ ಆ ಸಾರಜನಕ ಬಹುಮಟ್ಟಿಗೆ ಮೂತ್ರದಲ್ಲಿ ಹೊರಬರಬೇಕಾಗಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ದೇಹದ ಪ್ರೋಟೀನುಗಳಲ್ಲಿ ಸೇರಿಕೊಂಡಿತ್ತು, ಅದರ ಸಾಂದ್ರತೆ ಎಲ್ಲಕ್ಕಿಂತ ಹೆಚ್ಚಾಗಿದ್ದದ್ದು ಯಕೃತ್ತು, ಕರುಳು, ಮೂತ್ರಪಿಂಡಗಳಂಥ ಒಳ ಅಂಗಗಳಲ್ಲಿ ಮತ್ತು ರಕ್ತದ ಪ್ರೋಟೀನಿನಲ್ಲಿ. ಮನೆ ಎಂದೂ ಮುಗಿದಿರಲಿಲ್ಲ. ವಯಸ್ಕನ ದೇಹದಲ್ಲಿ ದಿನಕ್ಕೆ ಸುಮಾರು 300 ಗ್ರಾಂ ಪ್ರೋಟೀನು ಒಡೆದು ಮತ್ತೆ ಕಟ್ಟಲ್ಪಡುತ್ತದೆಂದು ಈಗ ಅಂದಾಜಿದೆ. ಉಣ್ಣುವುದು ಅದರ ಕಾಲುಭಾಗದಷ್ಟು, ಉಳಿದದ್ದು ದೇಹ ತನ್ನನ್ನೇ ಒಡೆದು ಪಡೆದ ಅಮೈನೊ ಆಮ್ಲಗಳಿಂದ. ಯಕೃತ್ತು ದಿನವೂ ಹತ್ತು ಗ್ರಾಂ ಮೀರಿ ತಯಾರಿಸಿ ರಕ್ತಕ್ಕೆ ಬಿಡುವ ಆಲ್ಬುಮಿನ್ ಎಂಬ ಪ್ರೋಟೀನಿನ ಅರ್ಧಪಾಲು ಇಪ್ಪತ್ತು ದಿನದೊಳಗೆ ಹೊಸದಾಗಿರುತ್ತದೆ. ಟ್ರಾನ್ಸ್‌ಥೈರೆಟಿನ್ ಎಂಬ ಇನ್ನೊಂದಕ್ಕೆ ಎರಡು ದಿನ ಸಾಕು.

ವೈಶೇಷಿಕರ ಒಂದು ಒಳಜಗಳ ಇಲ್ಲಿ ಅನಿರೀಕ್ಷಿತವಾಗಿ ಪ್ರಸ್ತುತವಾಗುತ್ತದೆ. ಆವೆಯಲ್ಲಿ ಹಸಿಮಡಕೆ ಕೆಂಪಾಗುವಾಗ ಬೆಂಕಿ ಇಡೀ ಮಡಕೆಯನ್ನೇ ಬದಲಿಸುತ್ತದೆಯೆ, ಅಥವಾ ಮಡಕೆ ಪರಮಾಣುಗಳಾಗಿ ಚದುರಿ, ಬಿಡಿ ಪರಮಾಣುಗಳು ಬಣ್ಣ ತಳೆದು, ಮತ್ತೆ ಮಡಕೆಯಾಗಿ ಕೂಡುತ್ತವೆಯೆ ಎಂಬುದು ಆ ಜಗಳ. ಮೊದಲನೆಯದು ನೈಯಾಯಿಕರ ಪಿಠರಪಾಕವಾದ, ಎರಡನೆಯದು ವೈಶೇಷಿಕರ ಪೀಲುಪಾಕವಾದ. ಕಣ್ಣಮುಂದಿರುವ ಮಡಕೆ ನಡುವೆ ಇಲ್ಲವಾಗಿತ್ತೆಂದು ನಂಬಲು ಯಾರಿಗಾದರೂ ಕಷ್ಟ, ಮಡಕೆಯ ಮಟ್ಟಿಗೆ ನೈಯಾಯಿಕರೇ ಗೆದ್ದರೆನ್ನಬೇಕು. ಒಡಲಿನ ಮಟ್ಟಿಗೆ ವೈಶೇಷಿಕರ ಹುಚ್ಚು ಕಲ್ಪನೆಯೇ ಹೆಚ್ಚು ಸರಿಯಾಯಿತು: ಅವಯವಗಳು ಕೂಡಿದಾಗ, ಕಳೆದಾಗ ಹಳೆಯ ಅವಯವಿ ಅಳಿದು ಹೊಸತು ಹುಟ್ಟುತ್ತದೆ, ಆದ್ದರಿಂದ ಬಾಲ್ಯದ ಶರೀರ ಮುಪ್ಪಿನ ಶರೀರವಲ್ಲ ಎಂದು ಅವರು ಹೇಳಿದ್ದರು. ಆ ಮಾತನ್ನು ಹಿಡಿದೇ ಅವರು, ದೇಹವೇ ಆತ್ಮವೆನ್ನುವ ಚಾರ್ವಾಕನನ್ನು ಕೆಡವಲು ಹೊರಟರು. ಶರೀರವೇ ಚೇತನವಾಗಿದ್ದರೆ ಬಾಲ್ಯದಲ್ಲಿ ಕಂಡದ್ದು ಮುಪ್ಪಿನಲ್ಲಿ ನೆನಪಾಗಬಾರದು, ನೆನಪಾಗುತ್ತದೆ, ಆದ್ದರಿಂದ ನೆನೆಯುವ ಆತ್ಮ ಬೇರೆಯಿದೆ ಎಂದು. ಆಧಾರವಾಕ್ಯ ನಿಜವೆಂದು ತೋರಿಬಂದ ಮಾತ್ರಕ್ಕೆ ತೀರ್ಮಾನ ನಿಜವಾಗುವುದಿಲ್ಲ. ಕಣಗಳು ಬದಲಾದರೂ ಅವುಗಳ ಜೋಡಣೆ ಉಳಿದರೆ ನೆನಪು ಉಳಿಯಬಹುದೆಂದು ಚಾರ್ವಾಕ ಇಂದು ಉತ್ತರಿಸಿಯಾನು, ಮತ್ತು ಆ ಉತ್ತರವನ್ನು ತಳ್ಳಿಹಾಕುವುದು ಸುಲಭವಲ್ಲ. ಪ್ರತಿಯೊಂದು ದ್ರವ್ಯದಲ್ಲೂ ಪ್ರತಿಕ್ಷಣ ಹುಟ್ಟು, ಅಳಿವು, ನೆಲೆ ಮೂರೂ ಒಟ್ಟಿಗಿರುತ್ತವೆಂಬ ಜೈನರ ಲಕ್ಷಣ ಶೋನ್‌ಹೈಮರನ ಒಡಲಿಗೆ ಇದಕ್ಕಿಂತ ಸಲೀಸಾಗಿ ಹೊಂದುತ್ತದೆ. ಅದಕ್ಕೆ ಆತ್ಮವನ್ನು ಸಾಧಿಸುವ ಅವಸರವಿಲ್ಲದಿರುವುದೂ ಒಂದು ಕಾರಣ.

ಅಪ್ಪಣೆಯ ಪ್ರಶ್ನೆಗೆ ಬರಬಹುದು. 1960ರ ದಶಕದಲ್ಲಿ ಹ್ಯಾಮಿಷ್ ಮನ್ರೊ ಮತ್ತಿತರರು ಇಲಿಯ ಯಕೃತ್ತಿನ ಕೋಶಗಳಲ್ಲಿ ಪ್ರೋಟೀನು ಪೋಣಿಸುವ ಯಂತ್ರಗಳಾದ ರೈಬೊಸೋಮುಗಳನ್ನು ನೋಡುತ್ತಿದ್ದಾಗ, ಪೂರ್ಣವಾದ ಅಮೈನೊ ಆಮ್ಲಗಳ ಊಟದ ಬಳಿಕ ಅವು ಸಾಲುಗಟ್ಟಿ ದುಡಿಯುವುದನ್ನೂ, ಆ ಊಟದಿಂದ ಟ್ರಿಪ್ಟೊಫ್ಯಾನ್ ಒಂದನ್ನು ಮಾತ್ರ ತೆಗೆದರೆ ಸಾಲು ಚೆದುರಿಹೋಗುವುದನ್ನೂ ಕಂಡರು. ಇದಾದ ನಂತರದ ದಶಕಗಳಲ್ಲಿ ಎರಡು ಏರ್ಪಾಡುಗಳು ಬೆಳಕಿಗೆ ಬಂದವು. ಅಮೈನೊ ಆಮ್ಲಗಳನ್ನು ಹೊತ್ತು ತರುವ ಸಣ್ಣ ಆರ್‌ಎನ್‌ಎ ಅಣುಗಳು ಬರಿಗೈಯಲ್ಲಿ ಬಂದುದನ್ನು ಗುರುತಿಸಿ ಪ್ರೋಟೀನು ತಯಾರಿಕೆಯನ್ನು ತಡೆಯುವ ಜಿಸಿಎನ್-2 ಎಂಬುದು ಒಂದು. ಯಾವುದಾದರೂ ಒಂದು ಅಗತ್ಯ ಅಮೈನೊ ಆಮ್ಲದ ಕೊರತೆಯೂ ಅದನ್ನು ಎಬ್ಬಿಸುತ್ತದೆ. ಇನ್ನೊಂದು ಎಂ-ಟಾರ್ ಎಂಬ ಕಿಣ್ವದ ಸುತ್ತ ಕೂಡಿರುವ ಕೂಟ. ಕೋಶದಲ್ಲಿ ಲ್ಯೂಸೀನ್ ಹೆಚ್ಚಿದಾಗ ಅದು ಸೆಸ್ಟ್ರಿನ್-2 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆ ಅಂಟಿನಿಂದ ಒಂದು ತಡೆ ಸಡಿಲವಾಗಿ ಎಂ-ಟಾರ್ ಎಚ್ಚೆತ್ತು, ರೈಬೊಸೋಮುಗಳಿಗೆ ಕಟ್ಟುವ ಕೆಲಸವನ್ನು ಹೆಚ್ಚಿಸುವ ಸೂಚನೆ ಹೊರಡುತ್ತದೆ. ಲ್ಯೂಸೀನನ್ನು ಹೀಗೆ ಅರಿಯುವ ಅಣು ಯಾವುದೆಂಬುದು ಸ್ಪಷ್ಟವಾದದ್ದು ತೀರ ಈಚೆಗೆ, 2015-16ರಲ್ಲಿ. ಅಮೈನೊ ಆಮ್ಲದ ಜೊತೆಗೆ ಇನ್ಸುಲಿನ್ನಿನ ಪಾತ್ರವೂ ಇದೆ, ಅಂಗದಿಂದ ಅಂಗಕ್ಕೆ ಈ ಸೂಚನೆಯ ಬಲ ಬೇರೆಯಾಗುತ್ತದೆ. ಆದರೆ ತತ್ತ್ವದ ದೃಷ್ಟಿಯಿಂದ ಮುಖ್ಯವಾದದ್ದು ಇಷ್ಟು: ಪ್ರೋಟೀನಿನ ಸರದಲ್ಲಿ ಮಣಿಯಾಗಿ ಸೇರುವ ಅದೇ ಲ್ಯೂಸೀನ್, ಸರವನ್ನು ಪೋಣಿಸು ಎಂದು ಹೇಳುವ ಸೂಚನೆಯೂ ಹೌದು. ಒಂದೇ ಅಣುಜಾತಿ ಉಪಾದಾನವೂ ನಿಮಿತ್ತವೂ ಆಗಿದೆ.

ವೇದಾಂತಿಗೆ ಇದು ಹಬ್ಬದೂಟದಂತೆ ಕಾಣಬಹುದು. ಅನ್ನವನ್ನೇ ಬ್ರಹ್ಮವೆಂದು ಅರಿತ ಭೃಗುವಿನ ಮೊದಲ ಮೆಟ್ಟಿಲನ್ನು ತೈತ್ತಿರೀಯೋಪನಿಷತ್ತು ಹೇಳುತ್ತದೆ. ಕಾರಣಗಳೆರಡೂ ಒಂದೇ ಎಂಬುದಕ್ಕೆ ಊಟದ ಎಲೆಯಲ್ಲೇ ದೃಷ್ಟಾಂತ ಸಿಕ್ಕಿತೆಂದು ಉತ್ಸಾಹಿಗಳು ಬರೆಯುವುದೂ ಉಂಟು. ಆ ಉತ್ಸಾಹ ಒಪ್ಪತಕ್ಕದ್ದಲ್ಲ. ರಾಮಾನುಜರ ಬ್ರಹ್ಮ ನಿಮಿತ್ತವಾಗುವುದು ಸಂಕಲ್ಪದಿಂದ, ಅಂದರೆ ಅರಿವುಳ್ಳ ಇಚ್ಛೆಯಿಂದ. ಲ್ಯೂಸೀನಿಗೆ ಇಚ್ಛೆಯಿಲ್ಲ; ಅದು ಅಂಟಿಕೊಂಡಿತು, ತಡೆ ಬಿಟ್ಟಿತು, ಅಷ್ಟೆ. ಉಪನಿಷತ್ತೂ ಭೃಗುವನ್ನು ಅನ್ನದಲ್ಲಿ ನಿಲ್ಲಿಸದೆ ಪ್ರಾಣ, ಮನಸ್ಸು, ವಿಜ್ಞಾನ, ಆನಂದಗಳ ಕಡೆಗೆ ಮತ್ತೆ ಮತ್ತೆ ತಪಸ್ಸಿಗೆ ಕಳಿಸುತ್ತದೆ. ನೈಯಾಯಿಕನ ಸಂಕಟ ಇನ್ನೂ ದೊಡ್ಡದು. ಜಡ ತಾನಾಗಿ ವ್ಯವಸ್ಥಿತವಾದ ಕಾರ್ಯವನ್ನು ನಡೆಸಲಾರದು, ಆದ್ದರಿಂದ ಚೇತನನಾದ ಕರ್ತೃ ಬೇಕು ಎಂಬುದು ಅವನ ಈಶ್ವರಾನುಮಾನದ ಬೆನ್ನೆಲುಬು. ಇಲ್ಲಿ ಜಡವೇ ಜಡಕ್ಕೆ ಅಪ್ಪಣೆ ಕೊಡುತ್ತಿದೆ. ಆ ಇಡೀ ಏರ್ಪಾಡನ್ನು ಮೊದಲು ಹೂಡಿದವನು ಯಾರೆಂದು ಅವನು ಒಂದು ಮೆಟ್ಟಿಲು ಹಿಂದೆ ಸರಿದು ಕೇಳಬಹುದು, ಕೇಳುವ ಹಕ್ಕೂ ಅವನಿಗಿದೆ. ಆದರೆ ಆಗ ಪ್ರತಿ ಕಾರ್ಯಕ್ಕೂ ಕರ್ತೃ ಬೇಕೆಂಬ ಮಾತು ಹೋಗಿ, ಎಂದೋ ಒಮ್ಮೆ ಬೇಕಿತ್ತೆಂಬಷ್ಟು ದುರ್ಬಲವಾದ ಮಾತು ಉಳಿಯುತ್ತದೆ. ಹೆಚ್ಚು ನೆಮ್ಮದಿಯಿಂದಿರುವವನು ಹಳೇಬೀಡಿನ ಬಸದಿಯವನು. ಶ್ರವಣಬೆಳಗೊಳದೊಡನೆ ಹೆಸರು ಬೆಸೆದುಕೊಂಡಿರುವ ನೇಮಿಚಂದ್ರರ ಗೊಮ್ಮಟಸಾರ ಜೀವಕ್ಕೆ ಆರು ಪರ್ಯಾಪ್ತಿಗಳನ್ನು, ಅಂದರೆ ಪೂರ್ಣಗೊಳ್ಳುವ ಶಕ್ತಿಗಳನ್ನು ಹೇಳುತ್ತದೆ; ಅವುಗಳಲ್ಲಿ ಮೊದಲನೆಯದು ಆಹಾರಪರ್ಯಾಪ್ತಿ, ಒಳಗೆ ಬಂದ ಪುದ್ಗಲವನ್ನು ಗಟ್ಟಿಯ ಭಾಗವಾಗಿಯೂ ರಸಭಾಗವಾಗಿಯೂ ಪರಿಣಮಿಸುವ ಸಾಮರ್ಥ್ಯ. ಈ ಗ್ರಂಥಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡದಲ್ಲಿಯೇ ವೃತ್ತಿ ಬರೆದ. ಪುದ್ಗಲ ಪುದ್ಗಲಕ್ಕೆ ನಿಮಿತ್ತವಾಗುವುದರಲ್ಲಿ ಜೈನನಿಗೆ ಅಡ್ಡಿಯಿಲ್ಲ. ಹಾಗೆಂದು ಅವನಿಗೂ ಪೂರ್ತಿ ಬಿಡುಗಡೆಯಿಲ್ಲ. ಆಹಾರಪರ್ಯಾಪ್ತಿಯನ್ನು ಅವನು ಜೀವದ ಕಡೆಗೆ ಸೇರಿಸಿದ್ದಾನೆ, ಆದರೆ ಆ ಶಕ್ತಿಯನ್ನು ಹಚ್ಚುವ ಗುಂಡಿ ಆಹಾರದ ಕಡೆಯಲ್ಲಿದೆ ಎಂಬುದು ಈಗ ಕಾಣುತ್ತಿದೆ.

ಉಣ್ಣುವವನು ಒಡೆಯ, ಉಣ್ಣಲ್ಪಡುವುದು ಅವನ ವಶದಲ್ಲಿರುವ ವಸ್ತು ಎಂಬ ಭೋಕ್ತೃ ಭೋಗ್ಯಗಳ ಗೆರೆಯೇ ಹೀಗೆ ಮಸುಕಾಗುತ್ತದೆ, ಬಹುಶಃ ಈ ಸಂಗತಿಗಳಿಂದ ದರ್ಶನಕ್ಕೆ ಒದಗುವ ನಿಜವಾದ ಸವಾಲು ಇದೇ. ಗೆರೆಯನ್ನು ಬೇರೆ ದಿಕ್ಕಿನಿಂದ ಅಳಿಸಿದವರು ವೀರಶೈವರು: ಪದಾರ್ಥ ಮೊದಲು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗಿ ಮರಳುವುದರಿಂದ ಭಕ್ತ ಲಿಂಗಭೋಗೋಪಭೋಗಿ, ಲಿಂಗ ಉಂಡದ್ದನ್ನು ಉಣ್ಣುವವನು, ಮೊದಲ ಭೋಕ್ತೃ ಅವನಲ್ಲ. ಬಳ್ಳಿಗಾವೆಯದಲ್ಲದ, ಅದೇ ಹೆಸರಿನ ಬೇರೊಂದು ಕೋಡಿಮಠವಿರುವ ಹಾರನಹಳ್ಳಿಯಲ್ಲಿ ಈ ವಿಚಾರ ಗುಡಿಯ ಕಲ್ಲಿಗಿಂತ ಹೆಚ್ಚು ಜೀವಂತ. ಆದರೆ ಪ್ರಸಾದತತ್ತ್ವ ಅಳಿಸುವುದು ಒಡೆತನದ ಅಹಂಕಾರವನ್ನು. ವಸ್ತು ತಾನೇ ಒಡಲಿಗೆ ಆಜ್ಞೆ ಕೊಡುತ್ತದೆಂದು ಅದು ಹೇಳುವುದಿಲ್ಲ, ಎರಡನ್ನೂ ಒಂದೇ ಎಂದು ಬೆರೆಸುವುದು ತಪ್ಪಾಗುತ್ತದೆ.

ಆಹಾರವಿಲ್ಲದಾಗ ಏನಾಗುತ್ತದೆಂಬ ಪ್ರಶ್ನೆಯನ್ನು ಜೈನರಷ್ಟು ಪಟ್ಟುಹಿಡಿದು ಚರ್ಚಿಸಿದವರಿಲ್ಲ. ಕೇವಲಜ್ಞಾನ ಪಡೆದವನು ತುತ್ತಿನ ಊಟ ಮಾಡುತ್ತಾನೆಯೆ ಎಂಬುದು ಅವರ ಪಂಥಗಳನ್ನೇ ಸೀಳಿದ ಪ್ರಶ್ನೆ. ಕರ್ನಾಟಕದಲ್ಲಿ ನೆಲೆಯೂರಿದ್ದ ಯಾಪನೀಯ ಸಂಘದ ವೈಯಾಕರಣ ಶಾಕಟಾಯನ, ಅದೇ ಅಮೋಘವರ್ಷನ ಕಾಲದವನು, ಕೇವಲಿಭುಕ್ತಿಪ್ರಕರಣವೆಂಬ ಕಿರುಗ್ರಂಥವನ್ನೇ ಬರೆದು, ಹಸಿವು ಮೋಹದಿಂದ ಹುಟ್ಟುವುದಲ್ಲ, ದೇಹದ ಏರ್ಪಾಡಿನಿಂದಲೂ ಉಳಿದಿರುವ ವೇದನೀಯ ಕರ್ಮದಿಂದಲೂ ಹುಟ್ಟುವುದು, ಆದ್ದರಿಂದ ಅರಿವು ಪೂರ್ಣವಾದ ಮಾತ್ರಕ್ಕೆ ಊಟ ನಿಲ್ಲಬೇಕಿಲ್ಲ ಎಂದು ವಾದಿಸಿದ. ದಿಗಂಬರರು ಒಪ್ಪಲಿಲ್ಲ. ಮೋಹ ಅಳಿದ ಮೇಲೆ ಹಸಿವಿಗೆ ಬಲವಿಲ್ಲ, ಕೇವಲಿಯ ದೇಹವನ್ನು ತುತ್ತಿನ ಕವಲಾಹಾರವಲ್ಲ, ತಾನಾಗಿ ಒಳಸೇರುವ ಸೂಕ್ಷ್ಮ ಪುದ್ಗಲಗಳ ನೋಕರ್ಮಾಹಾರ ಪೊರೆಯುತ್ತದೆ ಎಂದು ಉತ್ತರಿಸಿದರು. ದಿಗಂಬರ ತಾರ್ಕಿಕ ಪ್ರಭಾಚಂದ್ರ ಈ ಪಕ್ಷವನ್ನು ವಿಸ್ತಾರವಾಗಿ ಸಮರ್ಥಿಸಿದ. ದೇಹದ ನಡೆವಳಿಯ ಮಟ್ಟಿಗೆ ಶಾಕಟಾಯನನ ವಾದವೇ ಬಲವಾದದ್ದು, ಅಮೈನೊ ಆಮ್ಲಕ್ಕೆ ಉಣ್ಣುವವನ ಜ್ಞಾನದ ಮಟ್ಟ ಗೊತ್ತಾಗುವುದಿಲ್ಲ. ಆದರೆ ಒಂದು ವಿಷಯದಲ್ಲಿ ದಿಗಂಬರರ ಸೂಕ್ಷ್ಮತೆಯನ್ನು ಮೆಚ್ಚಬೇಕು: ತುತ್ತು ನಿಂತರೂ ದೇಹ ಉಳಿಯಬೇಕಾದರೆ ದ್ರವ್ಯ ಎಲ್ಲಿಂದಲಾದರೂ ಒಳಬರಲೇಬೇಕೆಂಬುದನ್ನು ಅವರು ಕೈಬಿಡಲಿಲ್ಲ, ಪವಾಡವೆಂದು ಹೇಳಿ ಮುಗಿಸಲಿಲ್ಲ.

ಪವಾಡಕ್ಕೆ ಆಸ್ಪದವಿಲ್ಲದ ಸಂದರ್ಭ ಸಲ್ಲೇಖನ, ಅಂದರೆ ಆಹಾರವನ್ನು ಹಂತಹಂತವಾಗಿ ತೊರೆದು ಸಾವನ್ನು ಎದುರುಗೊಳ್ಳುವ ಜೈನವ್ರತ. ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ, ಮಗಳು 1131ರಲ್ಲಿ ತೀರಿಕೊಂಡ ಮೇಲೆ, ಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ಸಂನ್ಯಸನದಿಂದ ಮುಡಿಪಿದಳೆಂದು ಅಲ್ಲಿನ ಶಾಸನ ಹೇಳುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇದಕ್ಕೆ ವಿಧಿಸುವ ಕ್ರಮದಲ್ಲಿ ಮೊದಲು ಗಟ್ಟಿ ಆಹಾರ ಬಿಡಬೇಕು, ಆಮೇಲೆ ಹಾಲಿನಂಥ ಜಿಡ್ಡುಳ್ಳ ಪಾನ, ಅದನ್ನೂ ಬಿಟ್ಟು ಜಿಡ್ಡಿಲ್ಲದ ಪಾನ, ಬರಿಯ ನೀರು, ಕೊನೆಗೆ ಅದೂ ಇಲ್ಲದ ಉಪವಾಸ. ಅಮೈನೊ ಆಮ್ಲಗಳ ಹೊರಗಿನ ಒದಗು ನೀರಿನ ಮೆಟ್ಟಿಲಿನಲ್ಲಿ ಪೂರ್ತಿ ನಿಲ್ಲುತ್ತದೆ. ಉಪವಾಸದ ಇಲಿಗಳ ಅಂಗಗಳನ್ನು ತೂಗಿ ನೋಡಿದ ಆಡಿಸ್ ಮತ್ತು ಸಂಗಡಿಗರ 1936ರ ವರದಿಯಂತೆ ಏಳು ದಿನಗಳಲ್ಲಿ ಯಕೃತ್ತು ತನ್ನ ಪ್ರೋಟೀನಿನ ಶೇಕಡಾ 40ರಷ್ಟನ್ನು ಕಳೆದುಕೊಂಡಿತ್ತು, ಮಾಂಸಖಂಡ ಅದಕ್ಕಿಂತ ಬಹಳ ಕಡಿಮೆ, ಮಿದುಳು ಇನ್ನೂ ಕಡಿಮೆ. ಒದಗಿನ ಮೊದಲ ಗದ್ದೆಗಳೇ ಬರದಲ್ಲಿ ಮೊದಲು ಒಣಗಿದವು. ಮುಂದೆ, ಗಾತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ದಾಸ್ತಾನಾದ ಮಾಂಸಖಂಡ ಒಡೆದು ಬಿಟ್ಟುಕೊಡುವ ಅಮೈನೊ ಆಮ್ಲಗಳಿಂದ ಯಕೃತ್ತು ಕೊನೆಯವರೆಗೂ ಅಷ್ಟಿಷ್ಟು ಪ್ರೋಟೀನು ಕಟ್ಟುತ್ತಲೇ ಇರುತ್ತದೆ. ಆಗ ಭೋಕ್ತೃವೂ ಭೋಗ್ಯವೂ ಅಕ್ಷರಶಃ ಒಂದೇ.

ಇಲ್ಲಿ ಕರ್ತೃ ಯಾರು ಎಂಬ ಪ್ರಶ್ನೆ ಗ್ರಂಥಗಳಿಂದ ನ್ಯಾಯಾಲಯಕ್ಕೂ ಹೋಯಿತು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಆತ್ಮಹತ್ಯೆಯ ಪ್ರಯತ್ನವೆಂದು ಪರಿಗಣಿಸಬೇಕೆಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಕಾನೂನಿಗೆ ಉದ್ದೇಶವುಳ್ಳ ಕರ್ತೃವೊಬ್ಬ ಬೇಕು, ಅವನ ಕೃತ್ಯ ದೇಹದ ಮೇಲೆ ನಡೆಯಬೇಕು. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ಟೀಕೆ ಬರೆದ ಪೂಜ್ಯಪಾದರು ಈ ಆಕ್ಷೇಪವನ್ನು ಆಗಲೇ ಎತ್ತಿಕೊಂಡು, ಹಿಂಸೆಯಾಗುವುದು ಪ್ರಮಾದದಿಂದ, ರಾಗದ್ವೇಷಗಳಿಂದ ಕೂಡಿದಾಗ, ಅವಿಲ್ಲದವನಿಗೆ ಆತ್ಮವಧೆಯ ದೋಷ ತಟ್ಟದು ಎಂದರು. ಅವರ ಉತ್ತರದಲ್ಲಿ ಕೃಶವಾಗಬೇಕಾದವು ಎರಡು, ಕಾಯ ಮತ್ತು ಕಷಾಯ, ಅಂದರೆ ದೇಹ ಮತ್ತು ಕ್ರೋಧ ಮಾನ ಮಾಯೆ ಲೋಭಗಳು. ಮೊದಲನೆಯದರ ಕ್ರಮವನ್ನು, ಯಾವ ಅಂಗ ಯಾವಾಗ ಎಷ್ಟು ಕರಗುತ್ತದೆಂಬುದನ್ನು, ಈಗ ಗ್ರಾಂಗಳಲ್ಲಿ ಅಳೆಯಬಹುದು; ತೀರ್ಪು ನಿಂತಿರುವುದು ಎರಡನೆಯದರ ಮೇಲೆ, ಅದಕ್ಕೆ ಯಾವ ಐಸೊಟೋಪಿನ ಗುರುತನ್ನೂ ಹಚ್ಚಲಾಗದು.